ಹಸ್ಲ, ಹಸಲರು: ಮಗುವನ್ನು ಶಾಲೆಗೆ ಸೇರಿಸುವ ದಿನವೇ ನೋಡಬೇಕಾದ ಅಕ್ಷರ

ನಾನು ಹೊಸನಗರ ತಾಲ್ಲೂಕಿನ ಘಟ್ಟದಂಚಿನವಳು, ಹಸಲರು ಎಂಬ ಸಣ್ಣ ಬುಡಕಟ್ಟಿನ ಒಂದು ಕೇರಿಯವಳು. ಈಗ ಶಿವಮೊಗ್ಗದಲ್ಲಿ ಮೆಟ್ರಿಕ್ ನಂತರದ ಹುಡುಗಿಯರ ಹಾಸ್ಟೆಲ್ ಒಂದರಲ್ಲಿ ವಾರ್ಡನ್. ಪ್ರತಿ ವರ್ಷ ಮಳೆ ಹಿಡಿದ ಮೇಲೆ ಹಾಸ್ಟೆಲ್ ಬಾಗಿಲಲ್ಲಿ ಅಪ್ಪ ಅಮ್ಮಂದಿರು ಬಂದು ನಿಲ್ಲುತ್ತಾರೆ. ಒಂದು ಕೈಯಲ್ಲಿ ನೀರಿಳಿಯುವ ಕೊಡೆ, ಇನ್ನೊಂದು ಕೈಯಲ್ಲಿ ಸೆರಗಿನೊಳಗೆ ಒತ್ತಿ ಹಿಡಿದ ಪ್ಲಾಸ್ಟಿಕ್ ಕವರು. ಕವರಿನಲ್ಲಿ ಮಗುವಿನ ಟಿ.ಸಿ., ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣ ಪತ್ರ. ನಾನು ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡುತ್ತೇನೆ. ಹತ್ತರಲ್ಲಿ ನಾಲ್ಕು ಕವರಿನಲ್ಲಾದರೂ ಒಂದು ಕಾಗದ ಇನ್ನೊಂದಕ್ಕೆ ಹೊಂದುವುದಿಲ್ಲ. ಅಂಕ ಚೆನ್ನಾಗಿರುತ್ತದೆ, ಹುಡುಗಿ ಚುರುಕಾಗಿರುತ್ತಾಳೆ, ಕಾಗದ ಮಾತ್ರ ಅವಳ ಕೈಬಿಡುತ್ತದೆ.

ನಮ್ಮ ಮಕ್ಕಳು ಓದಿನಲ್ಲಿ, ನೌಕರಿಯಲ್ಲಿ ಯಾಕೆ ಹಿಂದೆ ಎಂದು ಕೇಳಿದರೆ ಬಡತನ, ದೂರ, ಕಾಡು ಎನ್ನುತ್ತಾರೆ. ಅದೆಲ್ಲ ಹೌದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿತ್ತು, ಪರಿಶಿಷ್ಟ ಪಂಗಡದವರದ್ದು ಶೇ 62ರ ಆಸುಪಾಸಿನಲ್ಲೇ ಇತ್ತು. ಆದರೆ ಓದಿ ಮೇಲೆ ಬಂದ ಮೇಲೂ ನಮ್ಮವರನ್ನು ಹಿಂದಕ್ಕೆ ತಳ್ಳುವ ಒಂದು ಸಣ್ಣ ಜಾಗ ಇದೆ. ಅದು ಒಂದನೇ ತರಗತಿಯ ದಾಖಲಾತಿ ವಹಿಯಲ್ಲಿ 'ಜಾತಿ' ಎಂದು ಬರೆದಿರುವ ಕಾಲಂ. ಅಲ್ಲಿಂದ ನೇಮಕಾತಿ ಆದೇಶದ ತನಕ ಏನು ಮಾಡಬೇಕು ಎಂಬುದನ್ನು ನನಗೆ ಗೊತ್ತಿರುವ ಮಟ್ಟಿಗೆ ಬರೆಯುತ್ತಿದ್ದೇನೆ. ಹಸಲರಿಗಾಗಿ ಬರೆದದ್ದು, ಆದರೆ ಗೌಡಲು, ಮಲೇರು, ಹಕ್ಕಿಪಿಕ್ಕಿಯಂಥ ಬೇರೆ ಪಂಗಡಗಳ ಮನೆಗಳಿಗೂ ಹೆಚ್ಚಿನದು ಹೊಂದುತ್ತದೆ.

ಮೊದಲು ಹೆಸರಿನ ವಿಚಾರ

ಯಾವ ಜಾತಿ ಪರಿಶಿಷ್ಟ ಪಂಗಡ, ಯಾವುದು ಪರಿಶಿಷ್ಟ ಜಾತಿ ಎಂಬ ಪಟ್ಟಿ ಊರಲ್ಲಿ ತೀರ್ಮಾನ ಆಗುವುದಲ್ಲ, ಬೆಂಗಳೂರಲ್ಲೂ ಅಲ್ಲ. 1950ರಲ್ಲಿ ರಾಷ್ಟ್ರಪತಿಗಳ ಆದೇಶದ ಮೂಲಕ ಬಂದದ್ದು; ಅದರಲ್ಲಿ ಒಂದಕ್ಷರ ತಿದ್ದಬೇಕಾದರೂ ಸಂಸತ್ತೇ ಕಾನೂನು ಮಾಡಬೇಕು. ಪಟ್ಟಿಯಲ್ಲಿ 'ಕಾಡು ಕುರುಬ' ಎಂದಿತ್ತು, 'ಬೆಟ್ಟ ಕುರುಬ' ಎಂದಿರಲಿಲ್ಲ. ಅವರೇ ಇವರು ಎಂದು ಎಲ್ಲರಿಗೂ ಗೊತ್ತಿದ್ದರೂ ಆ ಹೆಸರು ಸೇರಿಸುವ ಮಸೂದೆಯನ್ನು ಸಂಸತ್ತು 2022ರ ಡಿಸೆಂಬರಿನಲ್ಲಿ ಒಪ್ಪುವ ತನಕ ಕಾಯಬೇಕಾಯಿತು. ಅಷ್ಟು ವರ್ಷ ಅವರ ಮಕ್ಕಳು ಪ್ರಮಾಣ ಪತ್ರಕ್ಕೆ ಅಲೆದರು.

ನಮ್ಮದು ಇನ್ನೂ ಸಿಕ್ಕು. ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ 'ಹಸಲರು' ಇದೆ. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ 'ಹಸ್ಲ' ಎಂಬ ಹೆಸರೂ ಇದೆ. ಬಾಯಲ್ಲಿ ನಾವು ಎರಡನ್ನೂ ಹೇಳುತ್ತೇವೆ. "ಯಾರ ಪೈಕಿ?" ಎಂದರೆ "ಹಸ್ಲರು" ಅಂತಲೋ "ಹಸಲ್ರು" ಅಂತಲೋ ಬಾಯಿಗೆ ಬಂದ ಹಾಗೆ. ಬರೆಯುವವರು ಕೇಳಿದ ಹಾಗೆ ಬರೆಯುತ್ತಾರೆ. ಒಂದು ಮನೆಯಲ್ಲಿ ಅಣ್ಣ ಎಸ್.ಟಿ., ತಂಗಿ ಎಸ್.ಸಿ. ಆಗುವುದು ಹೀಗೆ.

ಗೌಡಲು ಜನರದ್ದು ಬೇರೆ ಥರದ ಕಷ್ಟ. 'ಗೌಡಲು' ಎಂದರೆ ಪಂಗಡ. ಮೇಷ್ಟ್ರು ಘಟ್ಟದ ಕೆಳಗಿನವರೋ ಬಯಲುಸೀಮೆಯವರೋ ಆಗಿದ್ದರೆ 'ಗೌಡ' ಎಂದು ಬರೆದು ಮುಗಿಸುತ್ತಾರೆ. ಮುಂದೆ ಅದನ್ನು ನೋಡಿದವರು ಒಕ್ಕಲಿಗರು ಎಂದುಕೊಳ್ಳುತ್ತಾರೆ. ಒಂದು 'ಲು' ಬಿಟ್ಟುಹೋದದ್ದಕ್ಕೆ ಹುಡುಗ ಪಂಗಡದಿಂದಲೇ ಹೊರಗೆ.

ಇನ್ನು ಕೆಲವು ಹಳೇ ವಹಿಗಳಲ್ಲಿ ಜಾತಿ ಕಾಲಂನಲ್ಲಿ 'ಕೂಲಿ' ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ.

ನನ್ನದೇ ಕಥೆ

ನನ್ನ ಆಯ್ಕೆ ಪಟ್ಟಿ ಬಂದ ದಿನ ಅಮ್ಮ ಒಡೇರ (ತೋಟದ ಯಜಮಾನರ) ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದಳು. ಮೆಟ್ಟುಗತ್ತಿ ಮೇಲಿಂದ ಏಳದೆ "ಇನ್ನು ಮುಂದೆ ಎಂತ?" ಎಂದಳು. "ಇನ್ನು ಎಂತದೂ ಇಲ್ಲೆ ಅಮ್ಮ, ಆಯ್ತು" ಎಂದೆ. ಆಗಿರಲಿಲ್ಲ. ಸರ್ಕಾರಿ ಕೆಲಸಕ್ಕೆ ಮೀಸಲಾತಿಯಲ್ಲಿ ಆಯ್ಕೆಯಾದವರ ಜಾತಿಯನ್ನು ಜಿಲ್ಲಾ ಜಾತಿ ಪರಿಶೀಲನಾ ಸಮಿತಿ ಇನ್ನೊಮ್ಮೆ ಪರಿಶೀಲಿಸಿ ಸಿಂಧುತ್ವ ಪ್ರಮಾಣ ಪತ್ರ ಕೊಡಬೇಕು. ನನ್ನ ಕಾಗದಗಳಲ್ಲಿ 'ಹಸಲರು' ಎಂದಿತ್ತು. ವಿಚಾರಣೆಗೆ ಮನೆಯವರೆಲ್ಲರ ಶಾಲಾ ದಾಖಲೆ ಕೇಳಿದರು. ಅಕ್ಕನ ಟಿ.ಸಿ. ತೆಗೆದು ಕೊಟ್ಟರೆ ಅದರಲ್ಲಿ 'ಹಸ್ಲ'. ಒಂದೇ ಅಪ್ಪ ಅಮ್ಮನ ಮಕ್ಕಳು, ಎರಡು ಪಟ್ಟಿ. ಕಡತ ಅಲ್ಲಿಗೆ ನಿಂತಿತು.

ಹದಿನಾಲ್ಕು ತಿಂಗಳು ನಿಂತಿತು. ನನ್ನ ಜೊತೆ ಪಾಸಾದವರು ಕೆಲಸಕ್ಕೆ ಸೇರಿ ಸಂಬಳ ತೆಗೆದುಕೊಳ್ಳುತ್ತಿದ್ದರು. ನಾನು ಅಮ್ಮನ ಪಕ್ಕ ಕೂತು ಅಡಿಕೆ ಸುಲಿಯುತ್ತಿದ್ದೆ.

ಜಮೀನಿದ್ದವರು ಪಹಣಿ ತರುತ್ತಾರೆ, ಹಳೇ ಕ್ರಯಪತ್ರ ತರುತ್ತಾರೆ, ಅದರಲ್ಲಿ ಅಜ್ಜನ ಹೆಸರು, ಜಾತಿ ಇರುತ್ತದೆ. ಪಕ್ಕದ ಸಾಗರ ತಾಲ್ಲೂಕಿನಲ್ಲೇ 1951ರಲ್ಲಿ ಕಾಗೋಡು ಸತ್ಯಾಗ್ರಹ ಆಯಿತು, 1974ರಲ್ಲಿ ಭೂಸುಧಾರಣೆ ಬಂತು. ಗೇಣಿ ಮಾಡುತ್ತಿದ್ದವರಿಗೆ ಜಮೀನು ಬಂತು, ಅದು ದೊಡ್ಡ ಕೆಲಸ. ಆದರೆ ನಮ್ಮ ಅಜ್ಜ ಗೇಣಿದಾರನೂ ಅಲ್ಲ. ಒಡೇರ ತೋಟದ ಕೆಲಸ, ಮಳೆಗಾಲ ಮುಗಿದರೆ ಕಾಡಿನಲ್ಲಿ ಸೀಗೆ, ಅಂಟುವಾಳ, ಜೇನು. ಅವನ ಹೆಸರು ಯಾವ ಕಾಗದದಲ್ಲೂ ಇಲ್ಲ.

ಕೊನೆಗೆ ಅಪ್ಪ ಒಂದು ಮಾತು ನೆನಪು ಮಾಡಿಕೊಂಡ. ತಾನು ಮೂರು ತಿಂಗಳು ಶಾಲೆಗೆ ಹೋಗಿದ್ದೆ ಎಂದ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಆ ಶಾಲೆ ಈಗಲೂ ಇದೆ, ಹಳ್ಳದ ಆಚೆ, ಕಾಲುಸಂಕ ದಾಟಿ ಹೋಗಬೇಕು. ಮುಖ್ಯೋಪಾಧ್ಯಾಯಿನಿ ಕಬ್ಬಿಣದ ಬೀರು ತೆಗೆದು ಒಂದೊಂದೇ ವಹಿ ಇಳಿಸಿದರು. ಮಳೆಗಾಲದ ಮುಗ್ಗಲು ವಾಸನೆ, ಅಂಚು ತಿಂದಿದ್ದ ಹಾಳೆ. 1969ರ ವಹಿಯಲ್ಲಿ ನೀಲಿ ಶಾಯಿಯಲ್ಲಿ ಅಪ್ಪನ ಹೆಸರು. ಜಾತಿ: ಹಸಲರು. ಪೋಷಕರ ಸಹಿಯ ಜಾಗದಲ್ಲಿ ಅಜ್ಜನ ಹೆಬ್ಬೆಟ್ಟು. ಶಾಲೆ ಬಿಟ್ಟ ಕಾರಣ: ದನ ಕಾಯಲು. ಅಪ್ಪ ಆ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಆ ಪುಟದ ದೃಢೀಕೃತ ನಕಲು ಕೊಟ್ಟ ಮೇಲೆ ಕಡತ ಮುಂದೆ ಸರಿಯಿತು.

ಹಾಗಾಗಿ ಮೊದಲ ಕೆಲಸ: ನಿಮ್ಮ ಮನೆಯಲ್ಲಿ ಎಂದಾದರೂ, ಎಷ್ಟೇ ದಿನವಾದರೂ, ಶಾಲೆಗೆ ಹೋದ ಹಿರಿಯರು ಯಾರು ಎಂದು ಕೇಳಿ. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಯಾರಾದರೂ ಆಗಬಹುದು. ತಂದೆಯ ಕಡೆಯವರಾದರೆ ಹೆಚ್ಚು ಬಲ. ಆ ಶಾಲೆಗೆ ಹೋಗಿ ದಾಖಲಾತಿ ವಹಿಯ ನಕಲನ್ನು ಮುಖ್ಯೋಪಾಧ್ಯಾಯರ ಸಹಿ, ಮೊಹರಿನ ಜೊತೆ ಪಡೆದುಕೊಳ್ಳಿ. ಬೇಕಾದಾಗ ಹೋಗೋಣ ಎಂದು ಬಿಡಬೇಡಿ. ಮಕ್ಕಳಿಲ್ಲದೆ ಶಾಲೆ ಮುಚ್ಚಿದರೆ ವಹಿ ಬೇರೆ ಕಡೆ ಹೋಗುತ್ತದೆ, ಗೆದ್ದಲು ಅಷ್ಟು ದಿನ ಕಾಯುವುದಿಲ್ಲ. ವಹಿ ಇಲ್ಲ ಎಂದು ಬಾಯಲ್ಲಿ ಹೇಳಿದರೆ, ಮಾಹಿತಿ ಹಕ್ಕಿನಲ್ಲಿ ಬರವಣಿಗೆಯಲ್ಲಿ ಕೇಳಿ. ಬಿಪಿಎಲ್ ಕಾರ್ಡಿದ್ದವರಿಗೆ ಅರ್ಜಿ ಶುಲ್ಕ ಇಲ್ಲ.

ಶಾಲೆಗೆ ಸೇರಿಸುವ ದಿನ

ಆ ದಿನ ಕೂಲಿ ಬಿಟ್ಟಾದರೂ ನೀವೇ ಹೋಗಿ. ಅಂಗನವಾಡಿ ಟೀಚರ್ ಕೈಯಲ್ಲೋ ಪಕ್ಕದ ಮನೆಯವರ ಜೊತೆಗೋ ಕಳಿಸಬೇಡಿ. ನಿಮ್ಮ ಜಾತಿ ಪ್ರಮಾಣ ಪತ್ರವನ್ನೋ, ಹಳೇ ವಹಿಯ ನಕಲನ್ನೋ ಜೊತೆಗೆ ಒಯ್ಯಿರಿ. ಬರೆದು ಮುಗಿಸಿದ ಮೇಲೆ "ಮೇಷ್ಟ್ರೇ, ಜಾತಿ ಕಾಲಂ ಒಂದ್ಸಲ ಗಟ್ಟಿಯಾಗಿ ಓದಿ ಹೇಳಿ" ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ನಮ್ಮವರು ಮೇಜಿನ ಮುಂದೆ ನಿಂತರೆ ಮಾತು ಗಂಟಲಲ್ಲೇ ಉಳಿಯುತ್ತದೆ, ನನಗೆ ಗೊತ್ತು. ಒಡೇರ ಅಂಗಳದಲ್ಲಿ ನಿಂತು ಅಭ್ಯಾಸವಾದ ಮೌನ ಅದು. ಆ ಒಂದು ಪ್ರಶ್ನೆಯನ್ನು ಮನೆಯಲ್ಲೇ ಎರಡು ಸಲ ಹೇಳಿ ರೂಢಿ ಮಾಡಿಕೊಂಡು ಹೋಗಿ.

ವಹಿಯಲ್ಲಿ ಬರೆದದ್ದೇ ಸ್ಯಾಟ್ಸ್ ಎಂಬ ಶಾಲಾ ಮಕ್ಕಳ ಕಂಪ್ಯೂಟರ್ ದಾಖಲೆಗೂ ಹೋಗುತ್ತದೆ, ಅಲ್ಲಿಂದ ಟಿ.ಸಿ.ಗೆ. ಮಗುವಿನ ಹೆಸರು, ಇನಿಷಿಯಲ್, ಹುಟ್ಟಿದ ದಿನ ಆಧಾರ್‌ನಲ್ಲಿ ಇರುವ ಹಾಗೇ ಇದೆಯೇ ಎಂದೂ ಆಗಲೇ ನೋಡಿ. ತಪ್ಪಿದ್ದರೆ ಮಗು ಆ ಶಾಲೆಯಲ್ಲಿ ಇರುವಾಗಲೇ ತಿದ್ದಿಸಲು ಅರ್ಜಿ ಕೊಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ಅಲೆದಾಟ ಹತ್ತು ಪಟ್ಟು.

ಜಾತಿ ಪ್ರಮಾಣ ಪತ್ರ ಇಲ್ಲ, ಟಿ.ಸಿ. ಬಂದಿಲ್ಲ ಎಂದು ಸರ್ಕಾರಿ ಶಾಲೆ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಈ ರಕ್ಷಣೆ ಇದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂದೂ ಇದೆ. ಕಾಫಿ ತೋಟಕ್ಕೆ ಹೋಗಿ ನಾಲ್ಕು ತಿಂಗಳು ಇದ್ದು ಬರುವ ಮನೆಗಳವರು ಇದನ್ನು ನೆನಪಿಟ್ಟುಕೊಳ್ಳಿ.

ಜಾತಿ ಪ್ರಮಾಣ ಪತ್ರ

ಹೋಬಳಿಯ ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ. ಅಲ್ಲಿಂದ ಗ್ರಾಮ ಆಡಳಿತ ಅಧಿಕಾರಿ, ಅವರಿಂದ ಕಂದಾಯ ನಿರೀಕ್ಷಕರು, ಕೊನೆಗೆ ತಹಶೀಲ್ದಾರರ ಸಹಿ. ಪರಿಶಿಷ್ಟರಿಗೆ ಕೊಡುವುದು ನಮೂನೆ 'ಡಿ'. ಕೊಟ್ಟ ಸ್ವೀಕೃತಿ ಚೀಟಿಯನ್ನು ಬಿಸಾಡಬೇಡಿ. ಅದರಲ್ಲಿ ಸಕಾಲ ಸಂಖ್ಯೆ, ಕೊಡಬೇಕಾದ ಕೊನೆಯ ದಿನ ಎರಡೂ ಇರುತ್ತವೆ.

ಹೆಚ್ಚಾಗಿ ಎಡವುವುದು ಮಹಜರಿನಲ್ಲಿ. ಅಧಿಕಾರಿ ಕೇರಿಗೆ ಬಂದಾಗ ಎಲ್ಲರೂ ತೋಟಕ್ಕೆ ಹೋಗಿರುತ್ತಾರೆ. ಮನೆ ಬೀಗ ನೋಡಿ ವಾಪಸ್ ಹೋಗುತ್ತಾರೆ, 'ವಾಸವಿಲ್ಲ' ಎಂದು ಬರೆಯುತ್ತಾರೆ. ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ಆ ದಿನ ಕೇರಿಯ ಹಿರಿಯರು ಇಬ್ಬರನ್ನಾದರೂ ಮನೆಯಲ್ಲಿ ಕೂರಿಸಿ. ವಂಶವೃಕ್ಷ ಸಿದ್ಧವಿರಲಿ, ಈಗಾಗಲೇ ಪ್ರಮಾಣ ಪತ್ರ ಪಡೆದ ದಾಯಾದಿಗಳ ಪ್ರತಿಯೂ ಇರಲಿ. ನಿಮ್ಮ ಕುಲದೇವರು, ಸಾವು ಮದುವೆಯ ಪದ್ಧತಿ ಕೇಳಬಹುದು. ಗೊತ್ತಿದ್ದದ್ದನ್ನು ಹೇಳಿ, ಇಲ್ಲದ್ದನ್ನು ಸೇರಿಸಬೇಡಿ.

ಅಧಿಕಾರಿಗಳು ಅನುಮಾನದಿಂದ ಕೇಳಿದರೆ ಅದಕ್ಕೂ ಒಂದು ಕಾರಣವಿದೆ. ಹೆಸರಿನ ಹೋಲಿಕೆ ಹಿಡಿದುಕೊಂಡು ಪಂಗಡಕ್ಕೆ ಸೇರದವರು ಸುಳ್ಳು ಪ್ರಮಾಣ ಪತ್ರ ಮಾಡಿಸಿದ ಪ್ರಕರಣಗಳು ರಾಜ್ಯದಲ್ಲಿ ಬೇಕಾದಷ್ಟು ಆಗಿವೆ. ಅವರು ಮಾಡಿದ್ದಕ್ಕೆ ದಂಡ ಕಟ್ಟುವವರು ಕಾಗದವಿಲ್ಲದ ನಾವು. ಈ ಅನ್ಯಾಯ ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಆದರೂ ಕಚೇರಿಯಲ್ಲಿ ಜಗಳ ಬೇಡ. ಕೊಡುವುದಿಲ್ಲ ಎಂದರೆ ಕಾರಣ ಬರೆದುಕೊಡಿ ಎಂದು ಕೇಳಿ. ಆ ಆದೇಶ ಕೈಗೆ ಬಂದ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಹೊಸನಗರ, ಸಾಗರ, ಸೊರಬ, ಶಿಕಾರಿಪುರದವರಿಗೆ ಸಾಗರದಲ್ಲಿ, ತೀರ್ಥಹಳ್ಳಿ, ಭದ್ರಾವತಿ, ಶಿವಮೊಗ್ಗದವರಿಗೆ ಶಿವಮೊಗ್ಗದಲ್ಲಿ. ಬಾಯಲ್ಲಿ "ಆಗಲ್ಲ ಹೋಗಮ್ಮ" ಎಂದದ್ದಕ್ಕೆ ಮೇಲ್ಮನವಿ ಇಲ್ಲ. ಅದಕ್ಕೇ ಬರವಣಿಗೆ ಬೇಕು.

ಎಸ್.ಸಿ. ಒಳ್ಳೆಯದೋ ಎಸ್.ಟಿ. ಒಳ್ಳೆಯದೋ ಎಂದು ಕೇಳುವವರಿದ್ದಾರೆ. ಲಾಭ ನೋಡಿ ಆರಿಸುವ ವಿಷಯ ಅಲ್ಲ ಇದು. ನಿಮ್ಮ ಹಿರಿಯರ ದಾಖಲೆ ಏನು ಹೇಳುತ್ತದೋ ಅದು. ಇಡೀ ಮನೆತನದ್ದು ಒಂದೇ ಆಗಿರಬೇಕು, ಅಷ್ಟೇ.

ಐದನೇ ತರಗತಿ, ಅಡಿಕೆ ಸುಗ್ಗಿ, ಹಾಸ್ಟೆಲ್

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಏಕಲವ್ಯ ವಸತಿ ಶಾಲೆಗಳಿಗೆ ಆರನೇ ತರಗತಿಗೆ ಸೇರುವುದು. ಅರ್ಜಿ ಹಾಕುವುದು, ಪರೀಕ್ಷೆ ಬರೆಯುವುದು ಐದನೇ ತರಗತಿಯಲ್ಲಿ ಇರುವಾಗಲೇ. ನಮ್ಮ ಕೇರಿಗಳಲ್ಲಿ ಇದು ತಪ್ಪಿಹೋಗುವುದಕ್ಕೆ ಕಾರಣ ಅಡಿಕೆ. ಅಡಿಕೆ ಗೊನೆ ಕೊಯ್ಲು ಶುರುವಾಗಿ ಮನೆಮಂದಿಯೆಲ್ಲ ರಾತ್ರಿ ಹನ್ನೊಂದರ ತನಕ ಸುಲಿಯಲು ಕೂರುವ ಚಳಿಗಾಲದಲ್ಲೇ ಈ ಅರ್ಜಿಯ ಸುದ್ದಿ ಬಂದು ಹೋಗಿರುತ್ತದೆ. ಐದನೇ ತರಗತಿಯ ಮಗು ಮನೆಯಲ್ಲಿದ್ದರೆ ದೀಪಾವಳಿ ಕಳೆದ ಮೇಲೆ ಹದಿನೈದು ದಿನಕ್ಕೊಮ್ಮೆ ಮೇಷ್ಟ್ರನ್ನು ಕೇಳುತ್ತಿರಿ. ಆ ಒಂದು ವರ್ಷ ಮಗುವನ್ನು ಸುಲಿಯಲು ಕೂರಿಸಬೇಡಿ. ನಾನು ಕೈ ಮುಗಿದು ಕೇಳುತ್ತೇನೆ. ನಿದ್ದೆಗೆಟ್ಟು ಬೆರಳು ಕಪ್ಪಾದ ಮಗು ಮರುದಿನ ತರಗತಿಯಲ್ಲಿ ತೂಕಡಿಸಿದರೆ "ಇವರಿಗೆ ಓದು ಹತ್ತಲ್ಲ" ಎನ್ನುವ ಮಾತು ಹುಟ್ಟುತ್ತದೆ.

ಹಾಸ್ಟೆಲಿಗೆ ಬಿಟ್ಟ ಮೊದಲ ತಿಂಗಳು ಮಕ್ಕಳು ಓಡಿಬರುತ್ತಾರೆ. ಬೆಟ್ಟದ ಮನೆಯಿಂದ ಬಂದ ಮಗುವಿಗೆ ಟ್ಯೂಬ್‌ಲೈಟಿನ ಕೆಳಗೆ ನಲವತ್ತು ಮಕ್ಕಳ ನಡುವೆ ನಿದ್ದೆ ಬರುವುದಿಲ್ಲ. ಕಳೆದ ವರ್ಷ ಒಬ್ಬಳು ಹುಡುಗಿ ಊಟಕ್ಕೆ ಕೂರುವಾಗ ಗೋಡೆ ಬದಿಗೆ, ಎಲ್ಲರಿಗಿಂತ ಒಂದು ಮೊಳ ದೂರ ಕೂರುತ್ತಿದ್ದಳು. ಯಾರೂ ಹಾಗೆ ಹೇಳಿರಲಿಲ್ಲ. ಊರಿನ ಮದುವೆಗಳಲ್ಲಿ ಕೂರುತ್ತಿದ್ದ ಹಾಗೆ ಕೂತಿದ್ದಳು. ನಾನು ಒಂದು ವಾರ ಅವಳ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಉಂಡೆ. ಮಗು ಓಡಿಬಂದರೆ ಬೈಯಬೇಡಿ, ಆದರೆ ಎರಡನೇ ದಿನವೇ ವಾಪಸ್ ಕರೆದುಕೊಂಡು ಹೋಗಿ, ನೀವೂ ಒಂದು ಹೊತ್ತು ಅಲ್ಲಿದ್ದು ಬನ್ನಿ. ಒಂದು ವಾರ ಬಿಟ್ಟರೆ ಹೆಚ್ಚಿನ ಮಕ್ಕಳು ತಿರುಗಿ ಬರುವುದಿಲ್ಲ.

ವಿದ್ಯಾರ್ಥಿವೇತನದ ಬಗ್ಗೆ ಎರಡೇ ಮಾತು. ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಮೆಟ್ರಿಕ್ ನಂತರದ್ದಕ್ಕೆ ಕೇಂದ್ರದ ಯೋಜನೆಯಲ್ಲಿ ಮನೆಯ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ದಾಟಿರಬಾರದು. ಜಾತಿ, ಆದಾಯ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಹಣ ಬರುವುದು ಆಧಾರ್ ಜೋಡಿಸಿದ ಖಾತೆಗೆ. ಖಾತೆ ತೆರೆದರೆ ಸಾಲದು, ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ನೌಕರಿಗೆ ಅರ್ಜಿ ಹಾಕುವಾಗ

ಪಿಯುಸಿ ಆದರೆ ಸಾಕು ಎನ್ನುವ ಹುದ್ದೆಗಳು ಈಗಲೂ ಇವೆ. 2024ರಲ್ಲಿ ಕರೆದ 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ವಿದ್ಯಾರ್ಹತೆ ಪಿಯುಸಿಯೇ ಆಗಿತ್ತು. ನಮ್ಮ ಕೇರಿಗೆ ಮಹಜರಿಗೆ ಬರುವ ಅಧಿಕಾರಿ ನಮ್ಮದೇ ಹುಡುಗಿ ಆದರೆ ಹೇಗಿರುತ್ತದೆ ಎಂದು ನಾನು ಹಾಸ್ಟೆಲಿನಲ್ಲಿ ಆಗಾಗ ಹೇಳುತ್ತಿರುತ್ತೇನೆ.

ಪಂಗಡದ ಮೀಸಲಾತಿ ಶೇ 3 ಇದ್ದದ್ದನ್ನು 2022ರ ಕಾಯ್ದೆ ಶೇ 7ಕ್ಕೆ ಏರಿಸಿತು. ಒಂದೊಂದು ಅಧಿಸೂಚನೆಯಲ್ಲೂ ವರ್ಗೀಕರಣದ ಪಟ್ಟಿಯನ್ನು ನೀವೇ ಓದಿ. ಎಷ್ಟು ಹುದ್ದೆ ಎಸ್.ಟಿ.ಗೆ, ಅದರಲ್ಲಿ ಎಷ್ಟು ಮಹಿಳೆಗೆ, ಎಷ್ಟು ಗ್ರಾಮೀಣಕ್ಕೆ, ಎಷ್ಟು ಕನ್ನಡ ಮಾಧ್ಯಮಕ್ಕೆ ಎಂದು ಅಲ್ಲಿರುತ್ತದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಒಂದರಿಂದ ಹತ್ತರ ತನಕ ಹಳ್ಳಿ ಶಾಲೆಯಲ್ಲಿ, ಕನ್ನಡದಲ್ಲೇ ಓದಿದವರು. ಆ ಎರಡೂ ಪ್ರಮಾಣ ಪತ್ರ ಮಾಡಿಸದೆ ಅರ್ಜಿ ಹಾಕಿ, ಇದ್ದ ಹಕ್ಕನ್ನು ಬಿಟ್ಟುಕೊಡುತ್ತಾರೆ. ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿ ಮೊದಲೇ ಇಟ್ಟುಕೊಳ್ಳಿ. ಪತ್ರದ ಮೇಲಿನ ತಾರೀಖು ಅರ್ಜಿಯ ಕೊನೆಯ ದಿನಕ್ಕಿಂತ ಮುಂಚಿನದಾಗಿರಬೇಕು. ಆಯ್ಕೆ ಆದ ಮೇಲೆ ಮಾಡಿಸಿದರಾಯಿತು ಎಂದು ಕೂತವರು ಪಟ್ಟಿಯಿಂದ ಬಿದ್ದದ್ದನ್ನು ಕಂಡಿದ್ದೇನೆ.

ಎಸ್.ಟಿ. ಎಂದು ತುಂಬಿದರೆ ಎಸ್.ಟಿ. ಹುದ್ದೆ ಮಾತ್ರ ಸಿಗುವುದು ಎಂಬ ಭಯ ಬೇಡ. ವಯಸ್ಸು ಮುಂತಾದ ರಿಯಾಯಿತಿ ಪಡೆಯದೆ ಸಾಮಾನ್ಯ ವರ್ಗದ ಕೊನೆಯ ಅಂಕಕ್ಕಿಂತ ಹೆಚ್ಚು ತೆಗೆದರೆ ಸಾಮಾನ್ಯ ಹುದ್ದೆಗೇ ಆಯ್ಕೆ ಆಗಬಹುದು. ಕೋಟಾದಲ್ಲಿ ಬಂದವಳು ಎಂದು ಯಾರಾದರೂ ಅಂದರೆ, ಮೂರು ಮೈಲಿ ಹಳ್ಳ ದಾಟಿ ಶಾಲೆಗೆ ಹೋದ ಕಾಲನ್ನು ನೆನೆದು ತಲೆ ಎತ್ತಿಯೇ ನಿಲ್ಲಿ. ನನಗೂ ಅಂದಿದ್ದರು. ಮೊದಲ ವರ್ಷ ಅಳು ಬರುತ್ತಿತ್ತು.

ಇನ್ನೊಂದು ಕಹಿ ಮಾತನ್ನೂ ಹೇಳಬೇಕು. ಪಂಗಡದ ಪಟ್ಟಿಯಲ್ಲಿ ಐವತ್ತರಷ್ಟು ಸಮುದಾಯಗಳಿವೆ. ನಾಯಕರಂಥ ದೊಡ್ಡ ಸಮುದಾಯದ ಜೊತೆಗೇ ಹಸಲರ ಹುಡುಗಿಯೂ ಅದೇ ಹುದ್ದೆಗೆ ಸ್ಪರ್ಧಿಸಬೇಕು. ಅವರೂ ಕಷ್ಟಪಟ್ಟು ಮೇಲೆ ಬಂದವರೇ, ಅವರ ಮೇಲೆ ನನಗೆ ಬೇಸರವಿಲ್ಲ. ಪಟ್ಟಿಯೊಳಗೆ ಇನ್ನೂ ಹಿಂದುಳಿದವರಿಗೆ ಪ್ರತ್ಯೇಕ ಪಾಲು ಕೊಡಲು ರಾಜ್ಯಗಳಿಗೆ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು, ಪರಿಶಿಷ್ಟ ಜಾತಿಗಳ ಪ್ರಕರಣದಲ್ಲಿ, ಹೇಳಿದೆ. ಸಣ್ಣ ಪಂಗಡಗಳಿಗೆ ಅದು ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಅದು ಬರುವ ತನಕ ಅಂಕದಲ್ಲೇ ಹೋರಾಡಬೇಕು. ಅದಕ್ಕೇ ಹಾಸ್ಟೆಲಿನ ಹುಡುಗಿಯರಿಗೆ ಪದವಿ ಮೊದಲ ವರ್ಷದಿಂದಲೇ ಹಳೇ ಪ್ರಶ್ನೆಪತ್ರಿಕೆ ಬಿಡಿಸಲು ಹೇಳುತ್ತೇನೆ.

ಸಿಂಧುತ್ವ ವಿಚಾರಣೆಗೆ ಕರೆ ಬಂದಾಗ ಏನೇನು ಕೇಳುತ್ತಾರೆ ಎಂದು ಮೇಲೆ ಹೇಳಿದ್ದೇನೆ. ಆ ದಿನ ಎಲ್ಲವೂ ಒಂದೇ ಮಾತು ಹೇಳಬೇಕಾದರೆ ಕೆಲಸ ಇವತ್ತೇ ಆಗಬೇಕು. ರಾತ್ರಿ ಊಟ ಆದ ಮೇಲೆ ಮನೆಯವರೆಲ್ಲರ ಕಾಗದಗಳನ್ನು ಚಾಪೆಯ ಮೇಲೆ ಹರಡಿ. ಓದಲು ಬರುವ ಮಗುವಿನ ಕೈಯಲ್ಲಿ ಪ್ರತಿಯೊಂದರ ಜಾತಿ ಕಾಲಂ ಓದಿಸಿ. ಬೇರೆಯಾಗಿ ಬರೆದ ಕಾಗದವನ್ನು ಪಕ್ಕಕ್ಕಿಡಿ, ಅದು ಯಾವ ಶಾಲೆಯಿಂದ ಬಂತು ಎಂದು ನೋಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ತಿದ್ದಿ ಮೊಹರು ಹಾಕಲು ಆಗುವುದಿಲ್ಲ. ಒಳ್ಳೆಯ ಕವರಿನಲ್ಲಿಟ್ಟು ಒಲೆಯ ಮೇಲಿನ ಅಟ್ಟದ ಬದಿಗೆ ಇಟ್ಟರೆ ಮಳೆಗಾಲದಲ್ಲೂ ತೇವ ಹಿಡಿಯುವುದಿಲ್ಲ. ಸೋಮವಾರ ಆ ಪಕ್ಕಕ್ಕಿಟ್ಟ ಕಾಗದ ಹಿಡಿದು ಶಾಲೆಗೆ ಹೋಗಿ. ಬಿಸಿಯೂಟ ಮುಗಿದ ಹೊತ್ತಿಗೆ ಹೋದರೆ ಮೇಷ್ಟ್ರಿಗೆ ಬೀರು ತೆಗೆಯಲು ಪುರುಸೊತ್ತಿರುತ್ತದೆ.